ಕೊಲೆಸ್ಟ್ರಾಲ್ ಜೀನ್ ಹುಡುಕುತ್ತೀರಾ? ಮೊದಲು ವಾಲ್ವ್ ಯಾವ ಓಣಿಯದು ನೋಡಿ

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಮ್ಮ ಗೇಟಿನ ಮುಂದೆಯೇ ಒಂದು ನೀರಿನ ವಾಲ್ವ್ ಇದೆ. ಅದನ್ನು ತಿರುವಿದರೆ ನೀರು ಬರುವುದು ನಮ್ಮ ನಲ್ಲಿಗಲ್ಲ, ಹಿಂದಿನ ಓಣಿಗೆ. ಎಂ.ಎಸ್ಸಿ ಓದುವ ಅಕ್ಕನ ಮಗಳು ಮೊನ್ನೆ ತನ್ನ ಪ್ರಾಜೆಕ್ಟ್ ತಂದು, "ಜೀನ್ ಸಿಕ್ತು ಮಾಮಾ, ಇನ್ನೇನೈತಿ?" ಅಂದಾಗ ನನಗೆ ಆ ವಾಲ್ವೇ ನೆನಪಾಯಿತು. ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್ ಜೊತೆ ನಂಟಿರುವ ಒಂದು ಡಿಎನ್‌ಎ ಅಕ್ಷರ ಹಿಡಿದು, ಅದರ ಪಕ್ಕದ ಜೀನ್‌ನ ಹೆಸರು ಬರೆದುಬಿಟ್ಟಿದ್ದಳು. ತುಂಬಾ ಜನ ಇಲ್ಲೇ ಎಡವುತ್ತಾರೆ. ಹಾಗಾಗಿ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶುರು ಜಿವಾಸ್ (GWAS) ಎಂಬ ಅಧ್ಯಯನದಿಂದ. ಸಾವಿರಾರು, ಲಕ್ಷಾಂತರ ಜನರ ಡಿಎನ್‌ಎ ನೋಡಿ, ಯಾವ ಜಾಗದಲ್ಲಿ ಅಕ್ಷರ ಬದಲಾದರೆ ಎಲ್‌ಡಿಎಲ್ ಹೆಚ್ಚು ಕಡಿಮೆ ಆಗುತ್ತದೆ ಅಂತ ಲೆಕ್ಕ ಹಾಕುವುದು. ಈ ಫಲಿತಾಂಶಗಳು ಜಿವಾಸ್ ಕ್ಯಾಟಲಾಗ್‌ನಲ್ಲಿ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತವೆ. ಪಿ-ವ್ಯಾಲ್ಯೂ, ಅಂದರೆ ನಿಜವಾದ ನಂಟು ಇಲ್ಲದಿದ್ದರೂ ಇಂಥ ಫಲಿತಾಂಶ ಅದೃಷ್ಟಕ್ಕೆ ಬರುವ ಸಾಧ್ಯತೆ, 0.00000005ಕ್ಕಿಂತ ಕಡಿಮೆ ಇದ್ದರೆ ಮಾತ್ರ ನಂಬಿ. ಹೆಚ್ಚುಕಡಿಮೆ ಹತ್ತು ಲಕ್ಷ ಪರೀಕ್ಷೆ ಒಟ್ಟಿಗೆ ಮಾಡುತ್ತೇವೆ, ಸುಮ್ನೆ ಅದೃಷ್ಟಕ್ಕೆ ಬರುವ ನಂಟುಗಳನ್ನು ತಡೆಯಲು ಇಷ್ಟು ಬಿಗಿ ಬೇಕು.

ಈಗ ಪಕ್ಕದ ಜೀನ್ ಆಸೆ ಬಿಡಿ. ಹೀಗೆ ಸಿಗುವ ಅಕ್ಷರಗಳಲ್ಲಿ ಬಹುಪಾಲು ಪ್ರೋಟೀನ್ ಬರೆಯುವ ಭಾಗದಲ್ಲಿ ಇರುವುದೇ ಇಲ್ಲ. ಅವು ಪೈಪ್ ಅಲ್ಲ, ವಾಲ್ವ್. ಜೀನ್ ಎಷ್ಟು ಕೆಲಸ ಮಾಡಬೇಕು ಅನ್ನುವುದನ್ನು ಏರಿಸುತ್ತವೆ, ಇಳಿಸುತ್ತವೆ. ಎಫ್‌ಟಿಒ ಕಥೆ ಕೇಳಿ. 2007ರಲ್ಲಿ ಬೊಜ್ಜಿನ ನಂಟು ಈ ಜೀನ್‌ನ ಒಳಗೇ ಸಿಕ್ಕಿತು, ಎಲ್ಲರೂ ಇದೇ ಬೊಜ್ಜಿನ ಜೀನ್ ಅಂದರು. 2014ರಲ್ಲಿ ನೋಡಿದರೆ ಆ ಜಾಗ ಮುಟ್ಟುತ್ತಿದ್ದದ್ದು ಲಕ್ಷಗಟ್ಟಲೆ ಅಕ್ಷರ ದೂರದ ಐಆರ್‌ಎಕ್ಸ್3 ಜೀನ್ ಅನ್ನು! ಮರುವರ್ಷ ಇನ್ನೂ ಸ್ಪಷ್ಟವಾಯಿತು: ಅಲ್ಲಿ ಟಿ ಇರುವಲ್ಲಿ ಸಿ ಬಂದರೆ, ಬೆಳೆಯುತ್ತಿರುವ ಕೊಬ್ಬಿನ ಕೋಶಗಳಲ್ಲಿ ಐಆರ್‌ಎಕ್ಸ್3, ಐಆರ್‌ಎಕ್ಸ್5 ಎರಡೂ ಜಾಸ್ತಿ ಕೆಲಸ ಮಾಡುತ್ತವೆ, ಕೋಶ ಕೊಬ್ಬು ಸುಡುವ ಬದಲು ಕೂಡಿಡುತ್ತದೆ.

ಹಾಗಾದರೆ ವಾಲ್ವ್ ಯಾವ ಮನೆಯದು ಅಂತ ತಿಳಿಯುವುದು ಹೇಗೆ? ಅದಕ್ಕೆ ಜಿಟೆಕ್ಸ್ (GTEx) ವೆಬ್‌ಸೈಟ್ ತೆಗೆಯಿರಿ. ತೀರಿಕೊಂಡ ದಾನಿಗಳ ಅಂಗಾಂಶಗಳಲ್ಲಿ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿತ್ತು ಅಂತ ಅಳೆದ ಲೆಕ್ಕ ಅಲ್ಲಿದೆ. 2020ರ ವರದಿಯಲ್ಲಿ 838 ದಾನಿಗಳು, 49 ಬಗೆಯ ಅಂಗಾಂಶ. ಅಕ್ಷರ ಬದಲಾದಾಗ ಜೀನ್‌ನ ಕೆಲಸ ಬದಲಾಗುವ ಇಂಥ ಜಾಗಕ್ಕೆ ಇ-ಕ್ಯೂಟಿಎಲ್ ಅನ್ನುತ್ತಾರೆ.

ನನ್ನ ಸೊಸೆ, ಅಂದರೆ ಆ ಅಕ್ಕನ ಮಗಳು, ಹಿಡಿದಿದ್ದ ಅಕ್ಷರದ ಗುರುತಿನ ಸಂಖ್ಯೆ ಆರ್‌ಎಸ್12740374, ಅದು ಒಂದನೇ ಕ್ರೋಮೊಸೋಮ್‌ನಲ್ಲಿದೆ. ಸರ್ಚ್‌ನಲ್ಲಿ ಹಾಕಿ, ಅಂಗಾಂಶ ಲಿವರ್ ಅಂತ ಆರಿಸಿದೆವು. ರಕ್ತ ಸುಲಭವಾಗಿ ಸಿಗುತ್ತದೆ ಅಂತ ರಕ್ತದ ಲೆಕ್ಕವನ್ನೇ ನೋಡಬೇಡಿ, ಎಲ್‌ಡಿಎಲ್ ಆಡಳಿತ ನಡೆಯುವುದು ಲಿವರ್‌ನಲ್ಲಿ ಅಲ್ವಾ? ಈ ಜಾಗದಲ್ಲಿ ಜಿ ಬದಲು ಟಿ ಇದ್ದರೆ ಸಿ/ಇಬಿಪಿ ಎಂಬ ಪ್ರೋಟೀನ್ ಬಂದು ಕೂರಲು ಹೊಸ ಜಾಗ ಹುಟ್ಟುತ್ತದೆ. ಅದು ಕೂತರೆ ಲಿವರ್‌ನಲ್ಲಿ ಸಾರ್ಟ್1 ಜೀನ್ ಏರುತ್ತದೆ, ಎಲ್‌ಡಿಎಲ್ ಇಳಿಯುತ್ತದೆ. ಸೊಸೆ ಬರೆದಿದ್ದ ಪಕ್ಕದ ಜೀನ್ ಸಿಇಎಲ್‌ಎಸ್‌ಆರ್2!

ಅಷ್ಟಕ್ಕೇ ನಿಲ್ಲಿಸಬೇಡಿ. ಅಕ್ಕಪಕ್ಕದ ಅಕ್ಷರಗಳು ತಲೆಮಾರಿನಿಂದ ತಲೆಮಾರಿಗೆ ಕಟ್ಟಿಕೊಂಡೇ ಬರುತ್ತವೆ. ಎಲ್‌ಡಿಎಲ್ ಏರಿಸುವುದು ಒಂದು ಅಕ್ಷರ, ಜೀನ್ ಕೆಲಸ ಬದಲಿಸುವುದು ಅದರ ನೆರೆಯದು, ನಾವು ಎರಡನ್ನೂ ಒಂದೇ ಅಂದುಕೊಂಡುಬಿಡಬಹುದು. ಇದನ್ನು ಬಿಡಿಸಿ ನೋಡಲು ಕೊಲೊಕಲೈಸೇಶನ್ ಲೆಕ್ಕ ಇದೆ. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೊಲೊಕ್ ಪ್ಯಾಕೇಜ್ ಹಾಕಿಕೊಂಡರೆ ಸಾಧಾರಣ ಲ್ಯಾಪ್‌ಟಾಪ್‌ನಲ್ಲೇ ಆಗುತ್ತದೆ. ಟಿವಾಸ್ ಅಂತ ಇನ್ನೊಂದು ದಾರಿ ಇದೆ: ಡಿಎನ್‌ಎ ನೋಡಿ ಜೀನ್‌ನ ಕೆಲಸ ಅಂದಾಜಿಸಿ, ಆ ಅಂದಾಜನ್ನು ರೋಗದ ಜೊತೆ ಹೋಲಿಸುವುದು. ಅದಕ್ಕೂ ಇದೇ ಎಚ್ಚರ ಬೇಕು.

ಲಿವರ್‌ನಲ್ಲಿ ಆ ಅಕ್ಷರ ಸಾರ್ಟ್1 ಜೊತೆ ಸಿಇಎಲ್‌ಎಸ್‌ಆರ್2, ಪಿಎಸ್‌ಆರ್‌ಸಿ1 ಜೀನ್‌ಗಳನ್ನೂ ಏರಿಸುತ್ತದೆ. ಒಂದು ವಾಲ್ವ್, ಮೂರು ಮನೆ. ಇವುಗಳಲ್ಲಿ ಯಾವುದು ನಿಜ ಅಂತ ಕಂಪ್ಯೂಟರ್ ಹೇಳಲಾರದು. 2010ರಲ್ಲಿ ಇಲಿಗಳ ಲಿವರ್‌ನಲ್ಲಿ ಸಾರ್ಟ್1 ಏರಿಸಿ ನೋಡಿದರು, ಕೊಲೆಸ್ಟ್ರಾಲ್ ಇಳಿಯಿತು. ತಗ್ಗಿಸಿದಾಗ ಏರಿತು. ಸಾರ್ಟ್1 ಪರ ಗಟ್ಟಿ ಸಾಕ್ಷಿ ಸಿಕ್ಕಿದ್ದು ಆಗಲೇ.

ಇನ್ನೊಂದು ಮಾತು, ನನಗೆ ಇದು ಬಹಳ ಮುಖ್ಯ. ಜಿಟೆಕ್ಸ್ ದಾನಿಗಳಲ್ಲಿ ಬಹುಪಾಲು ಯುರೋಪ್ ಮೂಲದವರು. ಅಕ್ಷರಗಳು ಕಟ್ಟಿಕೊಂಡು ಬರುವ ರೀತಿ ನಮ್ಮಲ್ಲಿ ಬೇರೆ. ಜಿನೋಮ್ ಇಂಡಿಯಾ ಯೋಜನೆಯ ಸುಮಾರು 10,000 ಭಾರತೀಯರ ಡಿಎನ್‌ಎ ಮಾಹಿತಿ 2025ರಲ್ಲಿ ಸಂಶೋಧಕರಿಗೆ ತೆರೆದುಕೊಂಡಿದೆ. ಅದು ಡಿಎನ್‌ಎ ಲೆಕ್ಕ ಮಾತ್ರ. ನಮ್ಮವರ ಲಿವರ್‌ನಲ್ಲಿ, ಕೊಬ್ಬಿನಲ್ಲಿ ಯಾವ ಜೀನ್ ಎಷ್ಟು ಕೆಲಸ ಮಾಡುತ್ತದೆ ಅನ್ನುವುದನ್ನೂ ಅಷ್ಟೇ ದೊಡ್ಡದಾಗಿ ಅಳೆಯಬೇಕು. ಸೊಸೆಗೆ ಪ್ರಾಜೆಕ್ಟ್‌ನ ಕೊನೆಯ ಪುಟದಲ್ಲಿ ಇದನ್ನು ಬರೆ ಅಂದೆ. ಪಕ್ಕದ ಜೀನ್‌ನ ಹೆಸರು ಹೊಡೆದುಹಾಕಿ ಅವಳು ಮತ್ತೆ ಲಿವರ್ ಪುಟ ತೆಗೆದಳು.