ಎಲ್ಲಿಯೂ ಇಲ್ಲದವರ ಭಾವಚಿತ್ರ ಬರೆಯುವ ಬಗೆ

ಲಂಡನ್ನಿನ ಕಲಾವಿದೆ ಲಿನೆಟ್ ಯಿಯಾಡಮ್ ಬೋಆಕ್ಯೆ ಅವರ ಚಿತ್ರಗಳಲ್ಲಿ ಕಾಣುವ ಕಪ್ಪು ವರ್ಣೀಯ ಗಂಡಸರು, ಹೆಂಗಸರು ಯಾರೂ ಎಲ್ಲಿಯೂ ಬದುಕಿದವರಲ್ಲ. ಘಾನಾ ಮೂಲದ ಕುಟುಂಬದಲ್ಲಿ 1977ರಲ್ಲಿ ಹುಟ್ಟಿ, 2013ರಲ್ಲಿ ಬ್ರಿಟನ್ನಿನ ಹೆಸರಾಂತ ಕಲಾ ಪ್ರಶಸ್ತಿಯಾದ ಟರ್ನರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿದ್ದ ಈಕೆ ರೂಪದರ್ಶಿಯನ್ನು ಎದುರಿಗೆ ಕೂರಿಸಿಕೊಳ್ಳುವುದಿಲ್ಲ. ಕತ್ತರಿಸಿಟ್ಟ ಚಿತ್ರಗಳು, ನೆನಪು ಮತ್ತು ಹಳೆಯ ವರ್ಣಚಿತ್ರಗಳ ಅಭ್ಯಾಸದಿಂದ ಒಬ್ಬೊಬ್ಬರನ್ನೇ ಕಟ್ಟುತ್ತಾರೆ. ಅವರ ದಾರಿಯಲ್ಲಿ ಕೆಲಸ ಮಾಡಿ ನೋಡಬಯಸುವವರಿಗೆ ನಾನು ಅಭ್ಯಾಸದಿಂದ ಕಂಡುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಪತ್ರಿಕೆಗಳಿಂದ, ಹಳೆಯ ಫೋಟೋಗಳಿಂದ ಭಂಗಿಗಳನ್ನು ಕೂಡಿಹಾಕಿ. ಒಂದೇ ಫೋಟೋದಿಂದ ಇಡೀ ಮುಖವನ್ನು ಎತ್ತಿಕೊಂಡರೆ ಅದು ಆ ವ್ಯಕ್ತಿಯ ನಕಲಾಗುತ್ತದೆ. ಆದ್ದರಿಂದ ಒಬ್ಬರ ಕೊರಳಿನ ಓರೆ, ಇನ್ನೊಬ್ಬರ ಕೈ, ಮತ್ತೊಬ್ಬರ ಕೂರುವ ರೀತಿ ಹೀಗೆ ಬೇರೆಬೇರೆ ಕಡೆಯಿಂದ ತೆಗೆದುಕೊಳ್ಳಿ. ಕಾಲವನ್ನು ಹೇಳಿಬಿಡುವ ವಸ್ತುಗಳನ್ನು ಬಿಡಿ. ಯಿಯಾಡಮ್ ಬೋಆಕ್ಯೆ ಪಾದರಕ್ಷೆಗಳನ್ನು ಸಾಮಾನ್ಯವಾಗಿ ಬರೆಯದಿರುವುದು ಇದೇ ಕಾರಣಕ್ಕೆ: ಒಂದು ಜೊತೆ ಬೂಟು ನೋಡಿದರೆ ಸಾಕು, ಯಾವ ದಶಕವೆಂದು ತಿಳಿದುಹೋಗುತ್ತದೆ.

ಹೆಚ್ಚು ಹೊತ್ತು ಬೇಡುವುದು ಬಣ್ಣ. ಟ್ಯೂಬಿನ ಕಪ್ಪನ್ನು ಬದಿಗಿಟ್ಟು, ಬರ್ನ್ಟ್ ಅಂಬರ್ ಎಂಬ ಕಡುಕಂದು ಮತ್ತು ಅಲ್ಟ್ರಾಮರೀನ್ ನೀಲಿಯನ್ನು ಬೆರೆಸಿ ಗಾಢ ಬಣ್ಣವನ್ನು ಮಾಡಿಕೊಳ್ಳಿ. ನೀಲಿ ಸ್ವಲ್ಪ ಹೆಚ್ಚಾದರೆ ಹಿನ್ನೆಲೆಗೆ ಒಪ್ಪುವ ತಂಪು, ಅಂಬರ್ ಹೆಚ್ಚಾದರೆ ಕೆನ್ನೆಗೆ ಬೇಕಾದ ಬಿಸುಪು ಬರುತ್ತದೆ. ಹಣೆಯ ಮೇಲಿನ ಬೆಳಕಿಗೆ ಬರಿಯ ಬಿಳಿಯನ್ನು ಬೆರೆಸಿದರೆ ಚರ್ಮ ಬೂದಿ ಬಳಿದಂತೆ ಕಾಣುತ್ತದೆ. ನನ್ನ ಮೊದಲ ಚಿತ್ರಗಳು ಕೆಟ್ಟದ್ದು ಇಲ್ಲಿಯೇ. ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿಗೆ ಚೂರು ಕೆಂಪು ಸೇರಿಸಿ, ಬಿಳಿಯನ್ನು ಕುಂಚದ ತುದಿಯಷ್ಟೇ ಬಳಸಿ. ಕಣ್ಣಿನ ಬಿಳಿಭಾಗವೂ ನಿಜವಾಗಿ ಬಿಳಿಯಲ್ಲ, ರೆಪ್ಪೆಯ ನೆರಳು ಬಿದ್ದ ಕಂದುಬೂದು ಬಣ್ಣ. ಅದನ್ನು ಸರಿಯಾಗಿ ಹಿಡಿದ ಗಳಿಗೆಯಲ್ಲಿ ಆ ಮುಖ ನಿಮ್ಮನ್ನು ನೋಡತೊಡಗುತ್ತದೆ, ಮತ್ತು ಆ ಗಳಿಗೆಗಾಗಿಯೇ ನಾನು ಇಷ್ಟೆಲ್ಲ ಮಾಡುತ್ತೇನೆ.

ಈ ಕಲಾವಿದೆ ಬಹಳಷ್ಟು ಚಿತ್ರಗಳನ್ನು ಒಂದೇ ದಿನದಲ್ಲಿ, ಬಣ್ಣ ಹಸಿಯಾಗಿರುವಾಗಲೇ ಮುಗಿಸಿದ್ದಾರೆ. ನೀವೂ ಬೆಳಗ್ಗೆ ಹಿಡಿದು ಸಂಜೆಗೆ ಬಿಡಿ. ತಲೆ, ಭುಜ, ಕೈಗಳ ದೊಡ್ಡ ಆಕಾರಗಳನ್ನು ತೆಳು ಬಣ್ಣದಲ್ಲಿ ಹಾಕಿ, ಅದರ ಮೇಲೆ ದಪ್ಪ ಬಣ್ಣವನ್ನು ಇಡಿ. ತಪ್ಪಿದ ಭಾಗವನ್ನು ಬಟ್ಟೆಯಿಂದ ಒರೆಸಿ ಮತ್ತೆ ಬರೆಯಿರಿ. ಒಣಗಿದ ಮೇಲೆ ತಿದ್ದಲು ಹೊರಟರೆ ಕುಂಚದ ಓಟ ನಿಂತುಹೋಗುತ್ತದೆ.

ಈ ವ್ಯಕ್ತಿ ಯಾರು, ಏನು ಉದ್ಯೋಗ ಎಂದು ಮೊದಲೇ ಕಥೆ ಹೆಣೆಯಬೇಡಿ. ಹೆಣೆದರೆ ಚಿತ್ರ ಆ ಕಥೆಗೆ ಬರೆದ ವಿವರಣೆಯಾಗಿಬಿಡುತ್ತದೆ. ಹೆಸರನ್ನು ಕೊನೆಯಲ್ಲಿಡಿ, ಅದು ಚಿತ್ರವನ್ನು ವಿವರಿಸದಿರಲಿ. ಸಮುದ್ರತೀರದ ಇಬ್ಬರು ಹುಡುಗಿಯರ ಚಿತ್ರಕ್ಕೆ ಯಿಯಾಡಮ್ ಬೋಆಕ್ಯೆ 2011ರಲ್ಲಿ ಇಟ್ಟ ಹೆಸರು ‘ಕಾಂಡರ್ ಅಂಡ್ ದ ಮೋಲ್’: ಒಂದು ರಣಹದ್ದು, ಒಂದು ನೆಲ ತೋಡುವ ಪ್ರಾಣಿ. ಆ ಹೆಸರನ್ನು ಓದಿ ಮತ್ತೆ ಚಿತ್ರಕ್ಕೆ ಮರಳಿದಾಗ, ಇಬ್ಬರಲ್ಲಿ ಯಾರು ಹಕ್ಕಿ ಎಂದು ನಾನು ಇನ್ನೂ ಹುಡುಕುತ್ತೇನೆ.