ಗುಂಡು ಅಡ್ಡ ಬೀಳುತ್ತಿದ್ದದ್ದು ಏಕೆ

ಶಿರಸಿಯ ನಮ್ಮ ಮನೆಯ ಅಡಿಕೆ ಅಂಗಳದಲ್ಲಿ ಏರ್ ರೈಫಲ್ ಅಭ್ಯಾಸ ಮಾಡುವುದು ನನ್ನ ಭಾನುವಾರದ ಹುಚ್ಚು. ಭಾರದ ಗುಂಡು ಗಾಳಿಗೆ ಜಗ್ಗುವುದಿಲ್ಲವೆಂದು ನಂಬಿ, ಸೊಂಟ ಸಣ್ಣಗಿರುವ ಮಾಮೂಲಿ ಪೆಲೆಟ್ ಬಿಟ್ಟು ಉದ್ದನೆಯ ಸೀಸದ ಸ್ಲಗ್ ತರಿಸಿದೆ. 25 ಮೀಟರ್ ದೂರದ ಕಾಗದದ ಮೇಲೆ ದುಂಡು ತೂತಿನ ಬದಲು ಬೀಗದ ಕಿಂಡಿಯಂಥ ಸೀಳುಗಳು, ಅಂದರೆ ಗುಂಡು ಮೂತಿ ಮುಂದಾಗಿ ಬೀಳದೆ ಅಡ್ಡ ಬೀಳುತ್ತಿತ್ತು! ದುರ್ಬೀನನ್ನು ಬೈದೆ, ತಿರುಪು ಬಿಗಿದೆ, ಮಲೆನಾಡಿನ ತೇವವನ್ನೂ ದೂರಿದೆ.

ಕೊನೆಗೆ ನಳಿಗೆಯ ಒಳಸುರುಳಿಯನ್ನೇ, ಅಂದರೆ ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರ ಹಾರಿಸುವ ಸುರುಳಿ ಗೀರುಗಳನ್ನೇ ಅಳೆದೆ. ಬಂದೂಕು ಖಾಲಿಯಿದೆಯೆಂದು ಎರಡು ಸಲ ನೋಡಿಕೊಂಡು, ಹಿಡಿಕೆಯೊಳಗೆ ಸರಾಗವಾಗಿ ತಿರುಗುವ ಶುಚಿಕೋಲಿನ ತುದಿಗೆ ಬಟ್ಟೆ ಬಿಗಿಯಾಗಿ ಸುತ್ತಿ ಮೆಲ್ಲನೆ ತಳ್ಳಿದೆ. ಕೋಲಿನ ಮೇಲಿನ ಗುರುತು ಅರ್ಧ ಸುತ್ತು ತಿರುಗುವಷ್ಟರಲ್ಲಿ ಕೋಲು 22.5 ಸೆಂಟಿಮೀಟರ್ ಒಳಗೆ ಹೋಗಿತ್ತು. ಪೂರ್ತಿ ಸುತ್ತಿಗೆ 450 ಮಿಲಿಮೀಟರ್.

ಇನ್ನು 1879ರ ಗ್ರೀನ್‌ಹಿಲ್ ಸೂತ್ರ: ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಗುಂಡಿನ ಉದ್ದದಿಂದ ಭಾಗಿಸಿದರೆ, ಗುಂಡು ನೇರ ಹಾರಲು ಎಷ್ಟು ದೂರಕ್ಕೆ ಒಂದು ಸುತ್ತು ಬೇಕೆಂದು ಸಿಗುತ್ತದೆ. ಅಂದಾಜಿನ ಲೆಕ್ಕವೇ, ಆದರೂ ಸಾಕು. ನನ್ನ ಸ್ಲಗ್‌ನ ವ್ಯಾಸ 4.5, ಉದ್ದ 8 ಮಿಲಿಮೀಟರ್. ಅದಕ್ಕೆ ಸುಮಾರು 380 ಮಿಲಿಮೀಟರಿಗೆ ಒಂದು ಸುತ್ತು ಬೇಕು. ನನ್ನ ನಳಿಗೆ ಅಷ್ಟು ವೇಗವಾಗಿ ತಿರುಗಿಸುವುದಿಲ್ಲ. ನಾನು ತೂಕದ ಹಿಂದೆ ಬಿದ್ದಿದ್ದೆ, ಕೆಡಿಸುತ್ತಿದ್ದದ್ದು ಉದ್ದ. ವ್ಯಾಸ ಬದಲಾಗದಿದ್ದರೆ ಸೀಸ ಹೆಚ್ಚಿದಷ್ಟೂ ಗುಂಡು ಉದ್ದವಾಗಲೇಬೇಕಲ್ಲ! ಪೆಲೆಟ್‌ಗೆ ಈ ತಾಪತ್ರಯ ಕಡಿಮೆ, ಅದರ ಟೊಳ್ಳು ಲಂಗವೇ ಗಾಳಿಯಲ್ಲಿ ಬಾಲದಂತೆ ನೇರ ಹಿಡಿಯುತ್ತದೆ.

6 ಮಿಲಿಮೀಟರ್ ಉದ್ದದ ಹಗುರ ಸ್ಲಗ್ ತಂದೆ. ಅದಕ್ಕೆ 506 ಮಿಲಿಮೀಟರಿಗೆ ಒಂದು ಸುತ್ತು ಸಾಕು, ನನ್ನ ನಳಿಗೆ 450ಕ್ಕೇ ಒಂದು ಸುತ್ತು ತಿರುಗಿಸುತ್ತದೆ. ಮೊದಲ ಹತ್ತೂ ತೂತುಗಳು ದುಂಡಗೆ ಬಿದ್ದವು. ಉದ್ದನೆಯವುಗಳ ಡಬ್ಬಿ ಈಗ ಅಟ್ಟದ ಮೇಲಿದೆ.