ಮ್ಯಾಜಿಕ್ ಬಾರ್: ತಳ ಪುಡಿಯಾಗದಂತೆ, ಅಂಚು ಕರಕಲಾಗದಂತೆ

ಅಮೆರಿಕದ ಈ ಪದರದ ಸಿಹಿ ಬಾರ್‌ನ ತಳಕ್ಕೆ ಅಲ್ಲಿ ಗ್ರಹಾಂ ಕ್ರ್ಯಾಕರ್ ಎಂಬ ಗೋಧಿ ಬಿಸ್ಕತ್ತು ಬಳಸುತ್ತಾರೆ. ನಮ್ಮಲ್ಲಿ ಡೈಜೆಸ್ಟಿವ್ ಬಿಸ್ಕತ್ತೇ ಸರಿ. 9×13 ಇಂಚಿನ ಟ್ರೇಗೆ 200 ಗ್ರಾಂ ಬಿಸ್ಕತ್ತನ್ನು ತರಿತರಿ ಉಳಿಯದಂತೆ ಪುಡಿಮಾಡಿ, 100 ಗ್ರಾಂ ಕರಗಿಸಿದ ಬೆಣ್ಣೆ ಬೆರೆಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು. ನಿಲ್ಲದಿದ್ದರೆ ಇನ್ನೊಂದು ಚಮಚ ಬೆಣ್ಣೆ ಹಾಕಿ. ಬಟರ್ ಪೇಪರ್ ಹಾಸಿದ ಟ್ರೇಗೆ ಸುರಿದು, ಲೋಟದ ತಳದಿಂದ ಗಟ್ಟಿಯಾಗಿ ಒತ್ತಿ. ಬಾರ್ ಉದುರುವುದು ಹೆಚ್ಚಾಗಿ ಇಲ್ಲಿ ಸಡಿಲ ಬಿಟ್ಟಿದ್ದರಿಂದಲೇ.

ಮೇಲೆ 250 ಗ್ರಾಂ ಡಾರ್ಕ್ ಚಾಕೊಲೇಟ್ ಚೂರು, 120 ಗ್ರಾಂ ಅಕ್ರೋಟು ಅಥವಾ ಬಾದಾಮಿ, 80 ಗ್ರಾಂ ಒಣ ಕೊಬ್ಬರಿ ತುರಿ. ಬೀಜಗಳನ್ನು ಮೊದಲೇ ಆರೇಳು ನಿಮಿಷ ಹುರಿಯಿರಿ, ಹಸಿಯಾಗಿ ಹಾಕಿದರೆ ಮೆತ್ತಗಾಗುತ್ತವೆ. ಹಸಿ ತೆಂಗಿನ ತುರಿ ಖಂಡಿತ ಬೇಡ, ಅದರ ನೀರಿನಂಶಕ್ಕೆ ತಳ ನೆನೆಯುತ್ತದೆ. ಕೊನೆಗೆ 400 ಗ್ರಾಂ ಕಂಡೆನ್ಸ್ಡ್ ಮಿಲ್ಕ್ ಸಮನಾಗಿ ಸುರಿಯಿರಿ, ಅಂಚಿನಿಂದ ಅರ್ಧ ಇಂಚು ಬಿಟ್ಟು. ಟ್ರೇಯ ಬಿಸಿ ಗೋಡೆಗೆ ತಾಗಿದ ಹಾಲು ಬೇಗ ಸೀದು ಕಹಿಯಾಗುತ್ತದೆ.

ಮೊದಲೇ ಕಾಯಿಸಿದ ಓವನ್‌ನಲ್ಲಿ, ನಡುವಿನ ರ್ಯಾಕ್‌ನಲ್ಲಿ, 175 ಡಿಗ್ರಿ ಸೆಲ್ಸಿಯಸ್‌ಗೆ 25 ನಿಮಿಷ. ಅಂಚು ಹೊಂಬಣ್ಣಕ್ಕೆ ತಿರುಗಿ ನಡುವೆ ಸಣ್ಣ ಗುಳ್ಳೆ ಏಳುತ್ತಿದ್ದಾಗಲೇ ತೆಗೆಯಿರಿ. ಪೂರ್ತಿ ಆರಿಸಿ, ಎರಡು ಗಂಟೆ ಫ್ರಿಜ್‌ನಲ್ಲಿಟ್ಟು, ಬಿಸಿನೀರಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಕತ್ತರಿಸಿ. ತುಂಬಾ ಸಿಹಿ, ಹಾಗಾಗಿ ತುಂಡು ಚಿಕ್ಕದಿರಲಿ.